ಮುಯ್ಯಿ ಬಿಸಿಲು

ಬಿಸಿಲಿಗೆ ಹೆಸರಾದ ಕಲಬುರಗಿಯಲ್ಲಿ ಮುಂದೊಂದು ದಿನ ಬಿಸಿಲಿಗಾಗಿ ಪಾಳಿ ನಿಲ್ಲಬೇಕಾಗುತ್ತದೆ ಎಂದು ಹಿಂದಿನ ಕಾಲದಲ್ಲಿ ಯಾರಾದರೂ ಹೇಳಿದ್ದರೆ, ಓಣಿಯ ಮುದುಕಿಯರು ಅಂಥವರ ನೆತ್ತಿಗೆ ಹರಳೆಣ್ಣೆ ತಟ್ಟಿ, ಮಜ್ಜಿಗೆ ಕುಡಿಸಿ, ಮನೆಗೆ ಕಳಿಸುತ್ತಿದ್ದರು. ಆದರೆ ಹಾಗೆಯೇ ಆಯಿತು ನೋಡಿ. ಹೊರಗಿನ ಬಿಸಿಲು ಐವತ್ತು ಡಿಗ್ರಿ ದಾಟಿ, ಹೊಲಕ್ಕೆ ಹೋದವರು ಹೊಲದಲ್ಲೇ ಬೀಳತೊಡಗಿದ ಮೇಲೆ ಊರಿನ ಮೇಲೆ ಚಪ್ಪರ ಬಂತು. ಓಣಿಗೆ ಓಣಿ, ಸಂತೆಗೆ ಸಂತೆ, ಎಲ್ಲ ಅದರಡಿಗೆ ಸೇರಿದವು. ಜನ ಬದುಕಿಕೊಂಡರು. ಬದುಕಿಕೊಂಡವರಿಗೆ ಹತ್ತು ವರ್ಷದಲ್ಲಿ ತೊಡೆ ನೋವು, ಸೊಂಟ ನೋವು ಶುರುವಾಯಿತು. ಮಕ್ಕಳ ಕಾಲು ಬಿಲ್ಲಿನಂತೆ ಬಾಗಿದವು.

ಕಾರಣ ಹುಡುಕಲು ದೊಡ್ಡ ವಿದ್ಯೆ ಬೇಕಿರಲಿಲ್ಲ. ಮೂಳೆ ಗಟ್ಟಿಯಾಗಲು ಡಿ ಜೀವಸತ್ವ ಬೇಕು, ಅದು ಹುಟ್ಟಲು ಚರ್ಮಕ್ಕೆ ಬಿಸಿಲು ತಾಗಬೇಕು. ಮಾತ್ರೆ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಆ ಮಾತ್ರೆಯನ್ನು ಕುರಿಯ ಉಣ್ಣೆಯ ಜಿಡ್ಡಿನಿಂದ ಮಾಡುತ್ತಿದ್ದರು. ಸೆಕೆಗೆ ಕುರಿಗಳೇ ಉಳಿಯಲಿಲ್ಲ, ಇನ್ನು ಉಣ್ಣೆ ಎಲ್ಲಿಂದ? ಅಲ್ಲಿ ಇಲ್ಲಿ ತಯಾರಾದ ನಾಲ್ಕು ಮಾತ್ರೆ ದೊಡ್ಡ ಊರುಗಳ ಪಾಲಾದವು. ಹಾಗಾಗಿ ಪ್ರತಿ ಚಪ್ಪರಕ್ಕೂ ಒಂದು ಬಿಸಿಲುಮನೆ ಬಂತು. ಸೂರ್ಯನ ಉರಿಯನ್ನು ಬಿಟ್ಟು, ಡಿ ಹುಟ್ಟಿಸುವ ಕಿರಣವನ್ನಷ್ಟೇ ಕೊಡುವ ದೀಪಗಳು. ಏಳನೇ ಚಪ್ಪರಕ್ಕೆ ದೀಪ ಇಪ್ಪತ್ನಾಲ್ಕು, ಜನ ಹನ್ನೊಂದು ಸಾವಿರ. ತಲೆಗೆ ವಾರಕ್ಕೆ ಒಂಬತ್ತು ನಿಮಿಷ. ಬಸುರಿಯರಿಗೆ ಹದಿನಾರು.

ಆ ಬಿಸಿಲುಮನೆ ಇದ್ದದ್ದು ಮುಚ್ಚಿಹೋದ ಒಂದು ದಾಲ್ ಮಿಲ್ಲಿನಲ್ಲಿ. ಅದರ ದೀಪ ನೋಡಿಕೊಳ್ಳುವವಳು ಜಗದೇವಿ. ನಲವತ್ತೆಂಟರ ಹೆಂಗಸು; ಓದಿದ್ದು ಹತ್ತನೆಯ ತರಗತಿ, ಕಲಿತದ್ದು ಅದರ ಹತ್ತುಪಟ್ಟು. ದೀಪ ಕೂಡಿಸಲು ಬಂದ ಎಂಜಿನಿಯರನನ್ನು ಚಹಾ ಕೊಟ್ಟು ಕೊಟ್ಟು ಕಾಡಿ, ಎಲ್ಲವನ್ನೂ ಕೇಳಿ ತಿಳಿದಿದ್ದಳು. ಆತ ಹೇಳಿದ್ದರಲ್ಲಿ ಒಂದು ಮಾತು ಅವಳಿಗೆ ಬಾಯಿಪಾಠವಾಗಿತ್ತು: "ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದಾಗಷ್ಟೇ ಬಿಸಿಲಿನಾಗ ಡಿ ಇರ್ತದ, ಜಗದೇವಿ ಬಾಯಿ. ನೆರಳು ಉದ್ದ ಆತಂದ್ರ ಅದು ಬರೇ ಬೆಳಕು." ಎಂದರೆ ಮೂಳೆ ಕಾಯುವುದೂ ನಡುಹಗಲ ಬಿಸಿಲೇ, ಜೀವ ತೆಗೆಯುವುದೂ ಅದೇ. ದೇವರ ಲೆಕ್ಕ ಹೀಗೂ ಇರುತ್ತದಲ್ಲ ಎಂದು ಜಗದೇವಿ ಎಷ್ಟೋ ಸಲ ಅಂದುಕೊಂಡಿದ್ದಳು.

ಮಿಲ್ಲಿನಲ್ಲಿ ತೊಗರಿ ತೂಗುತ್ತಿದ್ದ ಹಳೆಯ ಕಾಟಾ ಇನ್ನೂ ಇತ್ತು. ದೀಪದಡಿ ಮಲಗುವ ಮುನ್ನ ಎಲ್ಲರೂ ಅದರ ಮೇಲೆ ನಿಲ್ಲಬೇಕು. ಆ ದಿನ ಅದರ ಮೇಲೆ ನಿಂತವಳು ಜಗದೇವಿಯ ನೆಗೆಣ್ಣಿ, ಎಂದರೆ ಮೈದುನನ ಹೆಂಡತಿ, ಕಸ್ತೂರಿ. ಏಳು ತಿಂಗಳ ಬಸುರಿ. ಮುಳ್ಳು ನೂರಾ ನಾಲ್ಕಕ್ಕೆ ಹೋಗಿ ನಿಂತಿತು.

"ಏನ್ ಯಕ್ಕಾ, ಹಿಂಗ ತೂಗಲತ್ತೀ? ನನ್ನ ತೊಗರಿ ಮಾರೋ ಅಡತಿ ಅಂಗಡಿಗಿ ಹಾಕ್ತೀ ಏನ್?" ಎಂದಳು ಕಸ್ತೂರಿ.

ಪಾಳಿಯಲ್ಲಿದ್ದವರು ನಕ್ಕರು. ಹಿಂದಿನಿಂದ ಒಬ್ಬಳು, "ಒಂದು ಕ್ವಿಂಟಲ್ ಮ್ಯಾಲೆ ನಾಕು ಕೆಜಿ, ತೂಕದಾಗ ಕಡಿಯೋ ಕಸರು ಬ್ಯಾರೆ!" ಎಂದಳು.

"ನಿನಗ್ಯಾಕ ಹೊಟ್ಟಿಕಿಚ್ಚು? ನೀ ನಿಂತ್ರ ಕಾಟಾದ ಮುಳ್ಳಿಗಿ ಸುದ್ದೀನೇ ಮುಟ್ಟಂಗಿಲ್ಲ," ಎಂದು ಕಸ್ತೂರಿ ತಿರುಗಿ ಕೊಟ್ಟಳು. ಎಲ್ಲರಿಗಿಂತ ಜೋರಾಗಿ ನಕ್ಕವಳೂ ಅವಳೇ. ಆದರೆ ಕಾಟಾದಿಂದ ಇಳಿಯುವಾಗ ಜಗದೇವಿಯ ಭುಜ ಹಿಡಿದಳು. ಕೆಳಗಿಳಿದ ಮೇಲೂ ಬಿಡಲಿಲ್ಲ.

ಕಸ್ತೂರಿ ತಿಂದು ದಪ್ಪಗಾದವಳಲ್ಲ. ಒಂದೇ ಒಲೆಯ ಅಡುಗೆ ಉಣ್ಣುವ ಜಗದೇವಿಗೆ ಅದು ಗೊತ್ತಿತ್ತು. ಗಂಡ ಶಿವರಾಯ ಮೂರು ರೊಟ್ಟಿ ತಿಂದರೆ ಅವಳು ಒಂದೂವರೆ. ಅವಳ ಅವ್ವನೂ ಹೀಗೇ ಇದ್ದಳಂತೆ, ಅಜ್ಜಿಯೂ ಹೀಗೇ. ಬಿಸಿಲುಮನೆಯವರು ರಕ್ತದಿಂದ ತೆಗೆದ ಅವಳ ವಂಶವಾಹಿ ಪಟ್ಟಿಯಲ್ಲಿ ದಪ್ಪವಾಗುವ ಸಣ್ಣ ಸಣ್ಣ ಬರಹಗಳು ನೂರರ ಹತ್ತಿರ ಇದ್ದವು. ಒಂದೊಂದೂ ಚಿಟಿಕೆಯಷ್ಟು. ಎಲ್ಲ ಸೇರಿ ಮೂಟೆ.

ಅಂದು ತೆಗೆದ ರಕ್ತದಲ್ಲಿ ಡಿ ಅಂಕ ಒಂಬತ್ತು ಬಂತು. ಇಪ್ಪತ್ತಾದರೂ ಇರಬೇಕು. ಹುಟ್ಟುವ ಕೂಸಿಗೆ ಮೊದಲ ತಿಂಗಳುಗಳ ಬುತ್ತಿಯನ್ನು ತಾಯಿಯ ರಕ್ತವೇ ಕಟ್ಟಿಕೊಡಬೇಕು. ಒಂಬತ್ತರ ತಾಯಿಯ ಕೂಸುಗಳಿಗೆ ಏನಾಗುತ್ತದೆಂದು ಏಳನೇ ಚಪ್ಪರದವರಿಗೆ ಯಾರೂ ಹೇಳಬೇಕಿರಲಿಲ್ಲ. ನೆತ್ತಿ ಕೂಡದ ಕೂಸುಗಳು, ತೊಟ್ಟಿಲಲ್ಲೇ ಸೆಟೆದುಕೊಳ್ಳುವ ಕೂಸುಗಳು. ಹೋದ ವರ್ಷ ಅದೇ ಓಣಿಯಲ್ಲಿ ಎರಡು ಹೋಗಿದ್ದವು.

ಕಸ್ತೂರಿ ಹೊರಗೆ ಬಂದು ಮೆಲ್ಲಗೆ ಕೇಳಿದಳು: "ಎಷ್ಟ್ ಬಂತು ಯಕ್ಕಾ?"

"ಏರಲತ್ತದ," ಎಂದಳು ಜಗದೇವಿ. ಅದು ಅವಳು ಹೇಳಿದ ಮೊದಲ ಸುಳ್ಳು.

*

ಆ ವಾರವೇ ಕುಬಸ. ಏಳನೇ ತಿಂಗಳಿಗೆ ಬಸುರಿಯನ್ನು ಕೂಡಿಸಿ, ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಕುಬಸದ ಬಟ್ಟೆ ಉಡಿಗೆ ಹಾಕುವ ಶಾಸ್ತ್ರ. ಬಂದವರು ಬರಿಗೈಯಲ್ಲಿ ಬರುವುದಿಲ್ಲ, ಮುಯ್ಯಿ ತರುತ್ತಾರೆ. ನಮ್ಮ ಮನೆಯ ಕಾರ್ಯಕ್ಕೆ ನೀನು ತಂದೆ, ನಿನ್ನ ಮನೆಯದಕ್ಕೆ ನಾವು ತರುತ್ತೇವೆ. ಹೀಗೆ ಊರು ಒಂದನ್ನೊಂದು ಕೈಹಿಡಿದು ನಡೆಸಿಕೊಂಡು ಬಂದ ಪದ್ಧತಿ. ಚಪ್ಪರದ ಕೆಳಗೆ ಬಂದ ಮೇಲೆ ಅದಕ್ಕೆ ಇನ್ನೊಂದು ಸೇರಿತ್ತು. ಒಬ್ಬರು ವಾರಕ್ಕೆ ಎರಡು ನಿಮಿಷದ ಬೆಳಕನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬಹುದು ಎಂದು ಬೆಳಕು ಹಂಚುವ ಬಿಸಿಲು ಮಂಡಳಿಯೇ ಒಪ್ಪಿತ್ತು.

ಮೊದಲು ಬಾಯಿ ತೆಗೆದವಳು ಅತ್ತೆ ಅಂಬವ್ವ. ಎಪ್ಪತ್ತಾರು ವರ್ಷ, ಕಡ್ಡಿಯಂಥ ಮೈ, ಕಹಳೆಯಂಥ ದನಿ. "ನನ್ನ ಎರಡು ಮಿನಿಟ್ ನನ್ನ ಸೊಸಿಗಿ. ನನ್ನ ಎಲುಬು ಇನ್ನ ಯಾವ ಜಾತ್ರಿಗಿ ಕುಣಿಬೇಕಾಗ್ಯಾದ?"

"ನನ್ನವೂ ಬರಕೊ ಜಗದೇವಿ," ಎಂದಳು ಎದುರು ಮನೆಯ ಚಂದಮ್ಮ. ಕಾಟಾದ ಮುಳ್ಳಿಗೆ ಸುದ್ದಿ ಮುಟ್ಟಿಸದ ಹೆಂಗಸು ಅವಳೇ. "ದಿನಾ ಅಕಿನ್ನ ಕಾಡ್ಸಿ ನಗ್ತೀನಲ್ಲ, ಅದರ ಬಾಡಿಗಿ ಅಂತ ತಿಳಕೊ."

ಒಬ್ಬೊಬ್ಬರಾಗಿ ಇಪ್ಪತ್ತೆರಡು ಹೆಂಗಸರು ಹೆಸರು ಹೇಳಿದರು. ಅವರಲ್ಲಿ ಸೊಂಟ ನೋವಿಲ್ಲದವಳು ಒಬ್ಬಳೂ ಇರಲಿಲ್ಲ. ಕಸ್ತೂರಿ ಅಳುತ್ತ ಅಳುತ್ತ, "ಸಾಕ್ರೆವ್ವಾ, ಹಿಂಗ ಸುಟ್ರ ನಾ ರೊಟ್ಟಿ ಆಗಿಬಿಡ್ತೀನಿ," ಎಂದಳು. ಜಗದೇವಿ ಹೆಬ್ಬೆರಳು ಒತ್ತಿಸಿಕೊಳ್ಳುವ ಹಲಗೆಯನ್ನು ಮಿಲ್ಲಿನಿಂದ ಮೊದಲೇ ತಂದಿಟ್ಟಿದ್ದಳು. ಒಬ್ಬೊಬ್ಬರ ಬೆರಳನ್ನೂ ತಾನೇ ಹಿಡಿದು ಒತ್ತಿಸಿದಳು. ನಿಜ ಹೇಳಬೇಕೆಂದರೆ, ಆ ದಿನ ಅವಳಿಗೆ ಆದಷ್ಟು ಸಂತೋಷ ತನ್ನ ಮದುವೆಯಲ್ಲೂ ಆಗಿರಲಿಲ್ಲ. ವಾರಕ್ಕೆ ಹದಿನಾರು ಇದ್ದದ್ದು ಅರವತ್ತಾಯಿತು. ಹೆರಿಗೆಗೆ ಇನ್ನೂ ಎಂಟು ಒಂಬತ್ತು ವಾರ. ಇಪ್ಪತ್ತು ದಾಟದೆ ಎಲ್ಲಿ ಹೋಗುತ್ತದೆ?

*

ಎಂಟು ವಾರದ ಮೇಲೆ ಅಂಕ ಬಂತು. ಹನ್ನೊಂದು.

ಜಗದೇವಿ ಆ ಚೀಟಿ ಹಿಡಿದು ಬಿಸಿಲುಮನೆಯ ಪಕ್ಕದ ಪ್ರಯೋಗಾಲಯಕ್ಕೆ ಹೋದಳು. ಅಲ್ಲಿ ರಕ್ತ ನೋಡುವವರು ಡಾಕ್ಟರ್ ಫರ್ಹತ್ ಖಾಜಿ. ಇದೇ ಊರಿನಲ್ಲಿ ಹುಟ್ಟಿ, ದೂರ ಹೋಗಿ ವಂಶವಾಹಿಗಳನ್ನು ಓದಿ, ಹೊಳ್ಳಿ ಬಂದವರು. ಜಗದೇವಿ ಕೂಡುವ ಮೊದಲೇ ಅವರು ಕನ್ನಡಕ ತೆಗೆದಿಟ್ಟರು. ಅವರು ಕನ್ನಡಕ ತೆಗೆದರೆ ಸುದ್ದಿ ಒಳ್ಳೆಯದಲ್ಲ ಎಂದು ಊರಿಗೇ ಗೊತ್ತು.

"ದೀಪ ಕೆಟ್ಟಾವೇನ್ರಿ ಡಾಕ್ಟರ್ ಬಾಯಿ?"

"ದೀಪ ಛಲೋ ಅವ. ಕಸ್ತೂರಿ ಚರ್ಮನೂ ಛಲೋ ಅದ. ಅಕಿ ಪಟ್ಟಿ ನೋಡ್ರಿ, ಡಿ ಹುಟ್ಟಿಸೋ ಬರಹ ನಿಮಕಿಂತ ನನಕಿಂತ ಚಂದ ಅದ. ಹುಟ್ಟತದ ಅಕ್ಕ. ಆದ್ರ ರಕ್ತದಾಗ ನಿಲ್ಲಂಗಿಲ್ಲ."

"ಮತ್ತ ಎಲ್ಲಿಗಿ ಹೋಗ್ತದ?"

"ನೀವು ಹಿಟ್ಟಿಗೆ ಎಣ್ಣಿ ಹಾಕ್ತೀರಲ್ಲ, ಒಂದು ಹಿಡಿ ಹಿಟ್ಟಿಗೆ ಒಂದು ಚಮಚ ಹಾಕಿದ್ರ ಕೈಗೆಲ್ಲ ಜಿಡ್ಡು ಹತ್ತತದ. ಅದೇ ಚಮಚ ಒಂದು ಸೇರು ಹಿಟ್ಟಿಗೆ ಹಾಕ್ರಿ. ಹಾಕೀರೋ ಇಲ್ಲೋ ಅಂತ ನಿಮಗೇ ಅನುಮಾನ ಬರ್ತದ. ಡಿ ಅನ್ನೋದು ಕೊಬ್ಬಿನಾಗ ಕರಗೋ ವಸ್ತು. ಮೈಯಾಗ ಕೊಬ್ಬು ಎಷ್ಟು ಇರ್ತದೋ ಅಷ್ಟರಾಗೂ ಹಂಚಿಹೋಗಿ ಅಡಗಿ ಕುಂದರ್ತದ. ನೀವೆಲ್ಲ ಕೊಟ್ಟ ಬಿಸಿಲು ಅಕಿ ಒಳಗೇ ಅದ. ಅಕಿಗೂ ಸಿಗವಲ್ದು, ಕೂಸಿಗೂ ಸಿಗವಲ್ದು."

ಜಗದೇವಿ ಚೀಟಿಯನ್ನು ಅವರ ಮುಂದೆ ಸರಿಸಿದಳು. ಆಮೇಲೆ ಹೇಳಿದಳು: "ಅಂದ್ರ ಅಕಿಗಿ ಇನ್ನ ಹೆಚ್ಚು ಬೇಕು. ಎರಡು ಪಾಲು, ಮೂರು ಪಾಲು. ಮಂಡಳಿಗಿ ಹಂಗ ಬರೀರಿ."

"ಬರ್ದೀನಿ. ನಾಕು ವರ್ಷ ಆತು ಬರಿಲಕತ್ತು. ಮಂಡಳಿಯವರು ಬ್ಯಾರೇನೇ ಹೇಳ್ತಾರ. ಬಿಸಿಲುಮನಿಗಿ ಸರಿಯಾಗಿ ಬರಲಾರ್ದೇ ಡಿ ಕಡಿಮಿ ಮಾಡ್ಕೊಂಡು, ಅದರಿಂದ ಮಂದಿ ದಪ್ಪ ಆಗ್ಯಾರ ಅಂತ. ಬಾಣ ತಿರುಗಾಮುರುಗಾ ಹಿಡ್ದಾರ. ವಂಶವಾಹಿ ಅಂದ್ರ ಹುಟ್ಟೋ ಮೊದಲೇ ಬರ್ದಿದ್ದು, ಯಾರ ಸೋಮಾರಿತನದಿಂದ್ಲೂ ಬದಲಾಗಂಗಿಲ್ಲ. ದಪ್ಪ ಆಗೋ ಬರಹ ಇದ್ದೋರ ರಕ್ತದಾಗ ಡಿ ಕಡಿಮಿ ಅದ. ಆದ್ರ ಡಿ ಕಡಿಮಿ ಮಾಡೋ ಬರಹ ಇದ್ದೋರು ದಪ್ಪ ಆಗಿಲ್ಲ. ಇದರಾಗೇ ಗೊತ್ತಾಗ್ತದಲ್ಲ, ದಾರಿ ಯಾವ ಕಡಿಯಿಂದ ಯಾವ ಕಡಿಗೆ ಅಂತ?" ಅವರ ದನಿ ಏರಿತ್ತು. ತಾವೇ ಇಳಿಸಿಕೊಂಡರು. "ಆದ್ರ ಇವತ್ತಿನ ಸಂಕಟ ಅದಲ್ಲ ಅಕ್ಕ."

ಅವರು ಪರದೆಯನ್ನು ತಿರುಗಿಸಿದರು. ಮೇಲೆ ಕಸ್ತೂರಿಯ ಹೆಸರು, ಕೆಳಗೆ ಪಾಲಿನ ಲೆಕ್ಕ ಹಾಕುವ ಮಂಡಳಿಯ ಯಂತ್ರ ಬರೆದ ಮೂರು ಸಾಲು. ಎಂಟು ವಾರ ದುಪ್ಪಟ್ಟಿಗೂ ಮೀರಿ ಬೆಳಕು ಪಡೆದೂ ಅಂಕ ಏರಿಲ್ಲ. ವರ್ಗ: ಫಲವಿಲ್ಲದ ದೇಹ. ಇಂದಿನಿಂದ ಬೆಳಕು: ಸೊನ್ನೆ.

"ಇದೇನ್ರಿ ಇದು?"

"ದುಪ್ಪಟ್ಟು ಕೊಟ್ರೂ ಏರದ ದೇಹಕ್ಕೆ ಬೆಳಕು ದಂಡ, ಅದನ್ನ ಬ್ಯಾರೆಯವರಿಗೆ ಕೊಡಬೇಕು ಅಂತ ಒಂದು ನಿಯಮ ಅದ. ಮೊದಲಿಂದ್ಲೂ ಇತ್ತು. ಅದನ್ನ ಯಾರ ಮ್ಯಾಲೂ ಹಾಕ್ಲಿಕ್ಕೆ ಬಂದಿದ್ದಿಲ್ಲ. ಯಾಕಂದ್ರ ದುಪ್ಪಟ್ಟು ಕೊಟ್ಟು ನೋಡಬೇಕಲ್ಲ, ಕೊಡ್ಲಿಕ್ಕೆ ಬೆಳಕು ಎಲ್ಲದ? ಹಂಗಾಗಿ ದಪ್ಪ ಮಂದಿಗೂ ಎಲ್ಲಾರಂಗ ಪಾಲು ಬರ್ತಿತ್ತು." ಫರ್ಹತ್ ಜಗದೇವಿಯ ಮುಖ ನೋಡದೆ ಹೇಳಿದರು, "ಆ ಪರೀಕ್ಷೆ ನೀವು ಮಾಡಿಕೊಟ್ರಿ."

ಜಗದೇವಿಯ ಕಣ್ಣೆದುರು ಇಪ್ಪತ್ತೆರಡು ಹೆಬ್ಬೆರಳು ಬಂದು ನಿಂತವು. ಒಂದೊಂದನ್ನೂ ಅವಳೇ ಹಿಡಿದು ಒತ್ತಿಸಿದ್ದಳು.

*

ಸುಮ್ಮನೆ ಕೂಡುವ ಪೈಕಿ ಅಲ್ಲ ಜಗದೇವಿ. ಮಂಡಳಿಗೆ ಕರೆ ಹಚ್ಚಿದಳು. ಪರದೆಯ ಮೇಲೆ ಬಂದ ಅಧಿಕಾರಿ ಒಳ್ಳೆಯವನೇ. ಬೈಯಲಿಲ್ಲ, ಸಿಡುಕಲಿಲ್ಲ. "ಅಮ್ಮಾ, ನಾನು ಯಂತ್ರ ಹೇಳಿದ್ದನ್ನ ಓದಿ ಹೇಳೋನು. ಬದಲು ಮಾಡೋ ಗುಂಡಿ ನನ್ನ ಹತ್ರ ಇಲ್ಲ," ಎಂದ.

"ಮತ್ತ ಯಾರ ಹತ್ರ ಅದ?"

ಆತ ನಿಜವಾಗಿಯೂ ಯೋಚಿಸಿದ. "ಗೊತ್ತಿಲ್ಲಮ್ಮ. ಇದುವರೆಗೆ ಯಾರೂ ಕೇಳಿರಲಿಲ್ಲ," ಎಂದ. ಅವನ ಮುಖ ನೋಡಿದರೆ ಬೈಯಲೂ ಮನಸ್ಸು ಬಾರದು.

ಮರುದಿನ ಮಧ್ಯಾಹ್ನ ತನ್ನ ಪಾಳಿಯ ಹೊತ್ತಿಗೆ ಕಸ್ತೂರಿಯನ್ನು ಬಿಸಿಲುಮನೆಗೆ ಕರೆದುಕೊಂಡು ಹೋದಳು. ಮಂಚಕ್ಕೆ ಮೈ ತಾಗಿದರೆ ಅದು ಬೆವರಿನಿಂದಲೇ ಯಾರೆಂದು ಗುರುತು ಹಿಡಿದು ದೀಪ ಹಚ್ಚುತ್ತದೆ. ಜಗದೇವಿ ತಾನು ಮಲಗಿದಳು, ದೀಪ ಹತ್ತಿತು. "ಬಾ, ನನ್ನ ಮಗ್ಗಲಾಗ ಬೀಳು, ಲಗೂ," ಎಂದಳು.

"ಯಕ್ಕಾ, ಮಂಚ ಮುರಿತದ."

"ಮುರೀಲಿ ಬಾ!"

ಕಸ್ತೂರಿ ಸೆರಗು ಸರಿಸಿ, ಹೊಟ್ಟೆ ಹಿಡಿದು, ಸಂಕೋಚದಿಂದ ಅಂಚಿಗೆ ಒರಗಿದಳು. ಅವಳ ತೋಳು ಹಾಸಿಗೆಗೆ ತಾಗಿದ್ದೇ ತಡ, ದೀಪ ಆರಿತು. ಅದೊಂದೇ ಅಲ್ಲ, ಮೋಸ ಕಂಡರೆ ಎಲ್ಲ ದೀಪಗಳೂ ಆರುವಂತೆ ಮಾಡಿಟ್ಟಿದ್ದರು. ಉಳಿದ ಇಪ್ಪತ್ಮೂರು ಮಂಚದ ಮೇಲಿನವರೆಲ್ಲ ಎದ್ದು ಕುಳಿತರು. ಮಾತಿನಮಲ್ಲಿ ಚಂದಮ್ಮ ಮೋರೆ ಆಚೆ ತಿರುಗಿಸಿದಳು. ಅಂದು ಯಾರಾದರೂ ಕಸ್ತೂರಿಯನ್ನು ಕಾಡಿಸಿ ನಕ್ಕಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮನೆಗೆ ಬಂದ ಮೇಲೆ ಎಲ್ಲ ಹೇಳಲೇಬೇಕಾಯಿತು. ಕಸ್ತೂರಿ ಪೂರ್ತಿ ಕೇಳಿಸಿಕೊಂಡು, ತನ್ನ ತೋಳನ್ನು ತಾನೇ ಹಿಚುಕಿ ನೋಡಿಕೊಂಡಳು, ಸಂತೆಯಲ್ಲಿ ಬದನೆಕಾಯಿ ಹಿಚುಕಿದ ಹಾಗೆ.

"ಇದರೊಳಗ ಅದಾ?"

"ಹೂಂ."

"ಅತ್ತಿದು, ಚಂದಮ್ಮಂದು, ಎಲ್ಲಾರ್ದೂ?"

"ಎಲ್ಲಾರ್ದೂ."

"ಹಂಗಾರ ನಾ ಉಣ್ಣೂದು ಬಿಡ್ತೀನಿ. ಮೈ ಕರಗಿದ್ರ ಹೊರಗ ಬರ್ತದಲ್ಲ?"

"ಬಸುರಿ ಉಪವಾಸ ಬಿದ್ರ ಮೊದಲು ಸೊರಗೂದು ಕೂಸೇ ಅಂದಾರ ಡಾಕ್ಟರ್ ಬಾಯಿ. ಹುಚ್ಚಿ ಹಂಗ ಮಾಡಬ್ಯಾಡ."

ಒಲೆಯ ಮುಂದೆ ಕೂತಿದ್ದ ಅಂಬವ್ವ ಇದನ್ನೆಲ್ಲ ಕೇಳಿದಳು. ಅವಳಿಗೆ ಯಂತ್ರ ತಿಳಿಯಲಿಲ್ಲ, ವಂಶವಾಹಿ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: "ಅಂದ್ರ ನಾವು ಕೊಡಲಾರ್ದೇ ಇದ್ರ ಅಕಿಗಿ ಹದಿನಾರಾದ್ರೂ ಇರ್ತಿದ್ವು?"

ಅಂಬವ್ವ ರೊಟ್ಟಿ ತಿರುವಿ ಹಾಕುವುದನ್ನು ಮರೆತಳು. ತವೆಯ ಮೇಲೆ ಅದು ಕರಿದಾಗುವವರೆಗೂ ಮೂವರೂ ಅದನ್ನೇ ನೋಡುತ್ತ ಕುಳಿತಿದ್ದರು.

*

ಹೆಣ್ಣು ಕೂಸು ಹುಟ್ಟಿತು. ಎರಡು ಕೆಜಿ ಆರುನೂರು ಗ್ರಾಂ. ದಾಲ್ ಮಿಲ್ಲಿನ ಕಾಟಾದ ಮುಳ್ಳು ಅಲುಗದಷ್ಟು ಹಗುರ. ಬಡಕಲು ಕೈಕಾಲು, ಎತ್ತಿಕೊಂಡರೆ ಪಾರಿವಾಳದ ಮರಿ ಹಿಡಿದ ಹಾಗೆ. ಜಗದೇವಿ ನೆತ್ತಿ ಮುಟ್ಟಿ ನೋಡಿದಳು. ಅಲ್ಲಿ ಮೂಳೆ ಇರಬೇಕಾದ ಜಾಗ ಬೆರಳಿಗೆ ಸಿಗಲಿಲ್ಲ. ಕೈ ಹಿಂದೆ ತೆಗೆದುಕೊಂಡಳು.

ಹನ್ನೆರಡನೇ ದಿನ ತೊಟ್ಟಿಲು. ಓಣಿಯ ಹೆಂಗಸರೆಲ್ಲ ಬಂದರು. ಅಷ್ಟಾದ ಮೇಲೂ ಬಂದರು. ಮುಯ್ಯಿ ಎಂದರೆ ಹಾಗೆಯೇ ಅಲ್ಲವೇ, ಒಮ್ಮೆ ಹಿಡಿದ ಕೈಯನ್ನು ಬಿಡಲು ಬರುವುದಿಲ್ಲ. ಚಂದಮ್ಮ ಬಾಗಿಲಲ್ಲೇ ಹೇಳಿದಳು: "ಈ ಸಲ ಕೂಸಿಗೇ ಕೊಡ್ತೀವಿ. ಇದರ ಮೈಯಾಗ ಬಿಸಿಲು ಎಲ್ಲಿ ಬಚ್ಚಿಟ್ಕೊಂತದ? ಹಲಗಿ ತಾ ಜಗದೇವಿ."

ಇದನ್ನೇ ಜಗದೇವಿ ಬೆಳಿಗ್ಗೆ ಫರ್ಹತ್ ಅವರನ್ನು ಕೇಳಿದ್ದಳು. ಅವರೂ ಅದನ್ನೇ ಹೇಳಿದ್ದರು: "ಕೊಬ್ಬೇ ಇಲ್ಲದ ಕೂಸು. ಈಗ ದಿನಕ್ಕ ಒಂದೊಂದು ನಿಮಿಷ ಬೆಳಕು ಸಿಕ್ರೂ ಅಂಕ ಓಡಿ ಏರ್ತದ. ನೆತ್ತಿ ಕೂಡತದ." ಹೇಳಿ, ಕನ್ನಡಕ ತೆಗೆದಿಟ್ಟಿದ್ದರು.

ಕರುಳುಬಳ್ಳಿಯ ರಕ್ತದಿಂದ ಕೂಸಿನ ಪಟ್ಟಿ ಆಗಲೇ ಬಂದಿತ್ತು. ದಪ್ಪವಾಗುವ ಬರಹಗಳಲ್ಲಿ ಅರ್ಧದಷ್ಟು ತಾಯಿಯಿಂದ ಬಂದಿದ್ದವು, ಒಂದಿಷ್ಟು ಶಿವರಾಯನಿಂದಲೂ. ಕಸ್ತೂರಿಯ ಪರೀಕ್ಷೆಯಿಂದ ಯಂತ್ರ ಒಂದು ಪಾಠ ಕಲಿತಿತ್ತು. ಕಲಿತದ್ದನ್ನು ಎಲ್ಲ ಚಪ್ಪರಗಳಿಗೂ ಹಂಚಿತ್ತು. ಇಂಥ ಪಟ್ಟಿಯವರಿಗೆ ಬೆಳಕು ದಂಡ, ತೂಗುವ ಅಗತ್ಯವೂ ಇಲ್ಲ. ಹೆಸರಿಡುವ ಮೊದಲೇ ಕೂಸಿಗೆ ವರ್ಗ ಬಂದಿತ್ತು: ಫಲವಿಲ್ಲದ ದೇಹ, ವಂಶದಿಂದ. ಇಂಥವರಿಗೆ ಯಾರೂ ನಿಮಿಷ ಬಿಟ್ಟುಕೊಡುವಂತಿಲ್ಲ.

"ಇನ್ನೂ ಬರಲಾರದ ಬೊಜ್ಜಿಗೆ ಈಗೇ ಶಿಕ್ಷಾ," ಎಂದಿದ್ದರು ಫರ್ಹತ್. "ಮತ್ತ ಬರೀತೀನಿ ಅಕ್ಕ." ಆ ಮಾತನ್ನು ಅವರೇ ನಂಬಿರಲಿಲ್ಲ.

ಜಗದೇವಿ ಹಲಗೆ ತರಲಿಲ್ಲ. ಬಾಗಿಲಲ್ಲಿ ಬೆರಳು ಚಾಚಿಕೊಂಡು ನಿಂತವರಿಗೆ, ತೊಟ್ಟಿಲ ಹಾಡು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡಳು. ಹಾಡು ಮುಗಿಯಿತು. ಹೇಳಿದಳು. ಚಂದಮ್ಮ ಚಾಚಿದ ಬೆರಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೂಸಿನ ಕೈಗೆ ಕೊಟ್ಟಳು. ಕೂಸು ಗಟ್ಟಿಯಾಗಿ ಹಿಡಿದುಕೊಂಡಿತು.

ಆಗ ಅಂಬವ್ವ ಎದ್ದು ನಿಂತಳು. "ಹೋಗ್ಲಿ ಬಿಡ್ರೆ ಅವರ ದೀಪ! ದೀಪ ಬರೂಕಿಂತ ಮೊದಲು ಕೂಸುಗೋಳು ಬೆಳದಿದ್ದಿಲ್ಲೇನು? ನನ್ನವ್ವ ನಮಗೆಲ್ಲ ಎಣ್ಣಿ ಹಚ್ಚಿ ಎಳೆಬಿಸಿಲಿಗಿ ಹಿಡೀತಿದ್ಲು. ಚಪ್ಪರದ ಮೂಡಣ ತುದಿಗಿ ಮುಂಜಾನಿ ಅರ್ಧ ತಾಸು ಬಿಸಿಲು ಬೀಳ್ತದ. ಅದಕ್ಕೇನು ಮಂಡಳಿಯವರ ಅಪ್ಪಣಿ ಬೇಕಾಗ್ಯಾದೇನು? ಸೂರ್ಯಾಗೇನು ಪಟ್ಟಿ ಓದಾಕ ಬರ್ತದೇನು?"

ಮನೆ ತುಂಬ ಜೀವ ಬಂತು. ಹೌದಲ್ಲ, ಹೌದಲ್ಲ, ಇಷ್ಟು ದಿನ ಇದು ಹ್ಯಾಂಗ ಹೊಳಿಲಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಒಬ್ಬಳು ಎಣ್ಣೆ ತರುತ್ತೇನೆಂದಳು, ಇನ್ನೊಬ್ಬಳು ಮೆತ್ತನೆಯ ದುಪ್ಪಟಿ. ಕಸ್ತೂರಿ ಎಷ್ಟೋ ವಾರಗಳ ಮೇಲೆ ನಕ್ಕಳು. "ಏನ್ ಯಕ್ಕಾ, ನೀ ಏನಂತೀ?" ಎಂದು ಕೇಳಿದಳು.

ನೆರಳಿನ ಬಗ್ಗೆ ಎಂಜಿನಿಯರನ ಮಾತು ಜಗದೇವಿಯ ನಾಲಿಗೆಯ ತುದಿಗೆ ಬಂದಿತ್ತು. ಕಸ್ತೂರಿಯ ಮುಖ ನೋಡಿದಳು. "ಆಗಲೇಳು," ಎಂದಳು. ಅದು ಅವಳು ಹೇಳಿದ ಎರಡನೆಯ ಸುಳ್ಳು.

ಮರುದಿನ ಆರೂವರೆಗೆ ಎಲ್ಲರೂ ಮೂಡಣ ತುದಿಯಲ್ಲಿ ಸೇರಿದರು. ಚಪ್ಪರದ ಅಂಚು ಮುಗಿದು ಬಯಲು ಶುರುವಾಗುವ ಕಡೆ, ಹದಿನಾಲ್ಕು ಅಡಿ ಅಗಲದ ಒಂದು ಬಿಸಿಲಿನ ಪಟ್ಟೆ ಓಣಿಯವರೆಗೂ ಉದ್ದಕ್ಕೆ ಬಿದ್ದಿತ್ತು. ಎಣ್ಣೆ ಬಣ್ಣದ ಬಿಸಿಲು. ಅಂಬವ್ವ ಕಾಲು ಚಾಚಿ ಕುಳಿತು, ಕೂಸನ್ನು ಮೊಳಕಾಲ ಮೇಲೆ ಮಲಗಿಸಿಕೊಂಡು, ಕೈಕಾಲು ನೀವುತ್ತ ಏನೋ ಗುನುಗುತ್ತಿದ್ದಳು. ಹೆಂಗಸರು ಸುತ್ತ ನಿಂತು, ಯಾರ ಮೂಗು ಬಂದಿದೆ, ಯಾರ ಹಣೆ ಬಂದಿದೆ ಎಂದು ವಾದ ಮಾಡುತ್ತಿದ್ದರು. ಕೂಸು ಬೆಳಕಿಗೆ ಕಣ್ಣು ಕಿರಿದು ಮಾಡಿ ಬಾಯಿ ಚಪ್ಪರಿಸಿತು.

ಜಗದೇವಿ ಮೂಡಣಕ್ಕೆ ಬೆನ್ನು ಹಾಕಿ ನಿಂತಿದ್ದಳು. ಅವಳ ನೆರಳು ಅವಳ ಕಾಲ ಬುಡದಿಂದ ಹೊರಟು, ಅಂಬವ್ವನ ಮೊಳಕಾಲು ದಾಟಿ, ಹೆಂಗಸರನ್ನು ದಾಟಿ, ಚಪ್ಪರದೊಳಗಿನ ಓಣಿಯವರೆಗೆ ಮಲಗಿತ್ತು. ಅವಳಿಗಿಂತ ಆರು ಪಾಲು ಉದ್ದ.

"ಏ ಜಗದೇವಿ," ಎಂದು ಗದರಿಸಿದಳು ಅಂಬವ್ವ, "ಕೂಸಿನ ಬಿಸಿಲು ಯಾಕ ತಡೀತೀ? ಅತ್ಲಾಗ ಸರಿ."

ಜಗದೇವಿ ಆಚೆ ಸರಿದು ನಿಂತಳು.